ನಾಲ್ಕೇ ಗಂಟೆಯ ದಾರಿ

ಕಾವಮ್ಮನಿಗೆ ಆ ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಬೇಕು. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವುದು ಅವಳ ಕಸುಬು. ಸಿಟ್ಟಿನ ಕಾವೂ ಅಷ್ಟೇ ಇತ್ತು, ಹತ್ತಿರ ಹೋದವರಿಗೆ ತಟ್ಟದೆ ಬಿಡುತ್ತಿರಲಿಲ್ಲ. ಬಸ್ ಡಿಪೋ ಹಿಂದಿನ ರಸ್ತೆಯ ಕೊನೆಯಲ್ಲಿ ಅವಳ ಮನೆ, ಮನೆಯ ಬೆನ್ನಿಗೆ ಉದ್ದನೆಯ ಶೆಡ್ಡು, ಶೆಡ್ಡಿನೊಳಗೆ ಬೀರುವಿನಷ್ಟು ಎತ್ತರದ ಎರಡು ಹಳೇ ಯಂತ್ರಗಳು. ಮೂರು ವಾರ ಆ ಯಂತ್ರದೊಳಗೆ ಮೊಟ್ಟೆ ಕೂರಬೇಕು. ಅಷ್ಟೂ ದಿನ ಹೊತ್ತುಹೊತ್ತಿಗೆ ಹಿಡಿ ಎಳೆದು ಟ್ರೇ ವಾಲಿಸಿ ಮೊಟ್ಟೆಯ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮರಿ ಒಳಗೇ ಚಿಪ್ಪಿಗಂಟಿಕೊಂಡು ಸಾಯುತ್ತದೆ. ಹಾಗಾಗಿ ಕಾವಮ್ಮ ಯಾರ ಮನೆಗೆ ಹೋದರೂ ಉಂಡ ಕೈ ಆರುವ ಮೊದಲೇ ವಾಪಸ್ಸು. ಊರು ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವಳಲ್ಲ.

ಅವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ತಂಗಿ ಕಾಯಿಲೆ ಬಿದ್ದು ತೀರಿಕೊಂಡಾಗ ಬಿಟ್ಟುಹೋದದ್ದು ಎರಡು: ಐದು ವರ್ಷದ ಮಗಳು, ಮತ್ತೆ ಹಿತ್ತಲ ತುಂಬ ಚುಕ್ಕೆ ಕೋಳಿ. ತಂಗಿಯೇ ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ತಳಿ ಅದು. ಬೂದು ಮೈಮೇಲೆ ಬಿಳಿ ಚುಕ್ಕೆ, ಚಳಿಗಾಲದಲ್ಲೂ ಮೊಟ್ಟೆ ನಿಲ್ಲಿಸುವುದಿಲ್ಲ. ಕಾವಮ್ಮ ಎರಡನ್ನೂ ಮಡಿಲಿಗೆ ಹಾಕಿಕೊಂಡು ಬಂದಳು. ಮಗುವನ್ನು ಪಿಳ್ಳೆ ಎಂದು ಕರೆದಳು. ಪಿಳ್ಳೆ ಮರಿಗಳ ಜೊತೆಗೇ ಬೆಳೆಯಿತು, ಬಲ್ಬಿನ ಶಾಖದ ಪಕ್ಕದಲ್ಲೇ ಕೂತು ಓದಿತು, ದೊಡ್ಡಮ್ಮನ ಬೈಗುಳವನ್ನು ಊಟದ ಜೊತೆಗೆ ಉಪ್ಪಿನ ಹಾಗೆ ಉಂಡಿತು.

ಪಿಳ್ಳೆಗೆ ಗಂಡು ನೋಡುವಾಗ ಕಾವಮ್ಮನ ಷರತ್ತು ಒಂದೇ ಇತ್ತು. ರೂಪ ಬೇಡ, ಆಸ್ತಿ ಬೇಡ, ಊರು ಮಾತ್ರ ದೂರ ಇರಕೂಡದು. ಆದರೆ ಹುಡುಗಿಗೆ ಮನಸ್ಸಾದದ್ದು ಕಡಲಾಚೆಯ ಊರೊಂದರಲ್ಲಿ ಹಡಗು ರಿಪೇರಿ ಮಾಡುವ ಹುಡುಗನ ಮೇಲೆ. ಹುಡುಗ ಚಿನ್ನದಂಥವನು, ಮಾತಿನಲ್ಲಿ ವಿನಯ, ಕೈಯಲ್ಲಿ ಕೆಲಸ. ಕಾವಮ್ಮ ಒಂದು ವಾರ ಯಾರ ಜೊತೆಗೂ ಮಾತಾಡದೆ ಕೋಳಿಗಳಿಗೇ ಬೈದುಕೊಂಡು ಓಡಾಡಿದಳು. ಕೊನೆಗೆ ಹುಡುಗ ವಿಮಾನದ ಟಿಕೆಟ್ ತಂದು ತೋರಿಸಿದ. ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿಂದ ಹೊರಡುವುದು, ಅದೇ ಮಧ್ಯಾಹ್ನ ಒಂದಕ್ಕೆ ಅಲ್ಲಿ ಇಳಿಯುವುದು.

ಕಾವಮ್ಮ ಬೆರಳು ಮಡಚಿ ಎಣಿಸಿದಳು. ಮುಖ ಅರಳಿತು. ನಾಲ್ಕೇ ಗಂಟೆಯಾ! ಪಕ್ಕದ ಜಿಲ್ಲೆಗೆ ಮರಿ ಕೊಟ್ಟು ಬರುವುದಕ್ಕೆ ವ್ಯಾನು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಂದು ಸಂಜೆಯೇ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಮುಗಿಸಿದಳು. ಕೂಗಿದರೆ ಕೇಳಿಸುವಷ್ಟು ದೂರಕ್ಕೆ ಕೊಡ್ತಿದ್ದೀವಿ ಅಂದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅಲ್ಲಿ ಹೊತ್ತು ಹುಟ್ಟುವುದು ತಡ ಎಂಬುದು ಕಾವಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿಯೇ ಗೊತ್ತಿತ್ತು. ಇಲ್ಲಿ ಮಧ್ಯಾಹ್ನದ ಊಟ ಮುಗಿಯುವವರೆಗೂ ಅವಳು ಫೋನು ಮುಟ್ಟುತ್ತಿರಲಿಲ್ಲ, ಮಗಳು ಇನ್ನೂ ಎದ್ದಿರುವುದಿಲ್ಲ ಎಂದು. ಆದರೆ ಆ ಮಾತನ್ನು ತಂದು ಟಿಕೆಟ್ಟಿನ ಪಕ್ಕದಲ್ಲಿಟ್ಟು ನೋಡುವ ಬುದ್ಧಿ ಬರಲಿಲ್ಲ. ಎಷ್ಟೋ ಓದಿದವರಿಗೂ ಬರುವುದಿಲ್ಲ ಬಿಡಿ. ಟಿಕೆಟ್ಟಿನಲ್ಲಿದ್ದ ಒಂಬತ್ತು ಇಲ್ಲಿಯ ಒಂಬತ್ತು, ಒಂದು ಅಲ್ಲಿಯ ಒಂದು ಎಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಪಿಳ್ಳೆ ಹೊರಟ ದಿನ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಫೋನಿನ ಮುಂದೆ ಕೂತವಳು ಸಂಜೆ ದೀಪ ಹಾಕುವವರೆಗೆ ಕೂತೇ ಇದ್ದಳು. ಕೊನೆಗೆ ಫೋನು ಬಂತು. ಯಾಕೆ ಇಷ್ಟು ಹೊತ್ತು ಎಂದು ಕೇಳಿದ್ದಕ್ಕೆ ಹುಡುಗಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಹೊರಗೆ ಬರೋದು ತಡವಾಯ್ತು ದೊಡ್ಡಮ್ಮ ಎಂದಿತು. ಅಂದಿನಿಂದ ಆ ಊರಿನ ವಿಮಾನ ನಿಲ್ದಾಣದ ಬಾಗಿಲು ಕಾಯುವವರಿಗೆ ಕಾವಮ್ಮನ ಶಾಪ ತಪ್ಪಲಿಲ್ಲ. ಮನೆ ಸೇರಬೇಕಾದ ಮಕ್ಕಳನ್ನು ಬಾಗಿಲಲ್ಲಿ ಆರು ಗಂಟೆ ನಿಲ್ಲಿಸಿಕೊಳ್ಳುತ್ತಾರಂತೆ, ಅವರಿಗೇನು ಮನೆ ಮಠ ಇಲ್ಲವೇ ಎಂದು ಎಂಟು ವರ್ಷ ಬೈದಳು.

ಎಂಟು ವರ್ಷದಲ್ಲಿ ಪಿಳ್ಳೆ ಬಂದದ್ದು ಎರಡು ಸಲ. ಎರಡು ಸಲವೂ ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಇಲ್ಲಿ ಸರಿರಾತ್ರಿಗೆ ಇಳಿದಿತ್ತು. ಅಂದರೆ ಹದಿನೈದು ಗಂಟೆ. ಇದಕ್ಕೂ ಕಾವಮ್ಮನ ಬಳಿ ವಿವರಣೆ ಇತ್ತು. ಭೂಮಿ ಗುಂಡಗಿದೆ ಎಂದಮೇಲೆ ಒಂದು ಕಡೆ ಇಳಿಜಾರು, ಒಂದು ಕಡೆ ಏರು ಇರಲೇಬೇಕಲ್ಲ. ಹೋಗುವುದು ಇಳಿಜಾರು, ಬರುವುದು ಏರು. ಪಾಪ, ಅಷ್ಟು ಏರು ಹತ್ತಿಕೊಂಡು ಆ ಹುಡುಗಿ ಎಷ್ಟು ಸಲ ಬಂದೀತು? ಬರಲಿಲ್ಲವೆಂದು ಅವಳು ಒಂದು ದಿನವೂ ಮುನಿಸಿಕೊಳ್ಳಲಿಲ್ಲ. ತಾನು ಹೋಗದಿರುವುದಕ್ಕೂ ಅದೇ ನೆಪವಾಯಿತು. ಹೋಗಲಿಕ್ಕೇನು, ನಾಲ್ಕೇ ಗಂಟೆ, ಮನಸ್ಸು ಮಾಡಿದರೆ ನಾಳೆಯೇ ಹೋದೇನು, ಬರುವುದೇ ಕಷ್ಟ, ಮೊಟ್ಟೆ ಬಿಟ್ಟು ಅಷ್ಟು ಹೊತ್ತು ಹೇಗಿರಲಿ ಎನ್ನುತ್ತಿದ್ದಳು. ಅವಳ ಗಂಡ, ಮರಿ ಸಾಗಿಸುವ ವ್ಯಾನು ಓಡಿಸುವ ಮನುಷ್ಯ, ಈ ಮಾತು ಬಂದಾಗಲೆಲ್ಲ ಏಳುತ್ತಿದ್ದ, ವ್ಯಾನಿನ ಗಾಜು ಒರೆಸಲು ಹೋಗುತ್ತಿದ್ದ. ಆ ಗಾಜು ಯಾವಾಗಲೂ ಫಳಫಳ ಹೊಳೆಯುತ್ತಿತ್ತು.

ಈ ವರ್ಷ ಪಿಳ್ಳೆ ಅಲ್ಲೊಂದು ಹಳೇ ಶೆಡ್ಡು ಗುತ್ತಿಗೆಗೆ ಹಿಡಿಯಿತು. ಕಾರ್ಖಾನೆಯಲ್ಲಿ ಡಬ್ಬ ತುಂಬುವ ಕೆಲಸ ಸಾಕಾಗಿತ್ತು, ಕೋಳಿ ಸಾಕುತ್ತೇನೆ ಎಂದಿತು. ಯಾವ ಕೋಳಿ ಎಂದು ಕೇಳಿದರೆ, ಅಮ್ಮನ ಚುಕ್ಕೆ ಕೋಳಿ ಎಂದಿತು. ಆ ಮಾತು ಕೇಳಿ ಕಾವಮ್ಮ ಫೋನು ಗಂಡನ ಕೈಗೆ ಕೊಟ್ಟು ಶೆಡ್ಡಿಗೆ ಹೋಗಿ, ಕಣ್ಣು ಒರೆಸಿಕೊಂಡು, ಸುಮ್ಮನೆ ನಿಂತಿದ್ದ ಹುಂಜಕ್ಕೆ ಎರಡು ಮಾತು ಬೈದು ಬಂದಳು. ಹೊರಗಿನಿಂದ ಮರಿ ತರಿಸಲು ಅಲ್ಲಿಯ ಕಚೇರಿ ಆ ವರ್ಷಕ್ಕೆ ಒಂದೇ ಸಲ ಅನುಮತಿ ಕೊಟ್ಟಿತ್ತು, ಅದೂ ಗೊತ್ತಾದ ಒಂದು ವಿಮಾನಕ್ಕೆ. ಆ ಮರಿಗಳು ಬದುಕಿ ತಲುಪಿದರೆ ಶೆಡ್ಡು ಉಳಿಯುತ್ತದೆ. ಇಲ್ಲದಿದ್ದರೆ ಖಾಲಿ ಶೆಡ್ಡು ವಾಪಸ್ಸು ಕೊಟ್ಟು ಪಿಳ್ಳೆ ಮತ್ತೆ ಡಬ್ಬ ತುಂಬಲು ಹೋಗಬೇಕು.

ಕಳಿಸುವ ಮುಂಚೆ ಪಿಳ್ಳೆ ಫೋನಿನಲ್ಲಿ ಮತ್ತೆ ಮತ್ತೆ ಹೇಳಿತು: ಅಂದೇ ಒಡೆದ ಮರಿ ಕಳಿಸು, ಏನೂ ತಿನ್ನಿಸಬೇಡ. ಕಾವಮ್ಮನಿಗೆ ನಗು ಬಂತು. ಕೋಳಿಯನ್ನು ಕೇಳದೆ ಖಾರ ಅರೆಯುವ ಕಾಲ ಹೋಗಿ ಪಿಳ್ಳೆ ಕೇಳಿ ಮರಿ ಮಾಡುವ ಕಾಲ ಬಂತಲ್ಲ ಎಂದುಕೊಂಡಳು. ವಿಷಯ ಅವಳಿಗೆ ಗೊತ್ತಿಲ್ಲದ್ದೇ? ಮರಿ ಚಿಪ್ಪು ಒಡೆಯುವ ಮೊದಲು ಮೊಟ್ಟೆಯೊಳಗಿನ ಹಳದಿಯನ್ನೆಲ್ಲ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ತಾಯಿ ಕಟ್ಟಿಕೊಟ್ಟ ಬುತ್ತಿ ಅದು. ಆ ಬುತ್ತಿಯ ಮೇಲೆ ಮರಿ ಎರಡು ಮೂರು ದಿನ ನೀರು ಕಾಳು ಇಲ್ಲದೆ ಇರಬಲ್ಲದು. ದೂರದ ದಾರಿಗೆ ಅಂದೇ ಒಡೆದ ಮರಿಯೇ ಸರಿ. ಆದರೆ ಇದೇನು ದೂರವೇ? ನಾಲ್ಕು ಗಂಟೆಯ ದಾರಿಗೆ ಹಸಿದ ಮರಿ ಕಳಿಸುವುದೇ? ಅದೂ ತವರಿನಿಂದ, ತಾಯಿಯ ತಳಿ, ಮಗಳ ಮನೆಗೆ? ಅವಳು ಯಾರಿಗೂ ಹೇಳದೆ ಮೊಟ್ಟೆಗಳನ್ನು ಲೆಕ್ಕಕ್ಕಿಂತ ಎರಡು ದಿನ ಮುಂಚೆಯೇ ಕಾವಿಗೆ ಇಟ್ಟಳು. ಹೊರಡಲು ಎರಡು ದಿನ ಇರುವಾಗಲೇ ಮರಿ ಒಡೆದವು. ಎರಡು ದಿನ ನುಚ್ಚು ತಿನ್ನಿಸಿ, ಉಗುರುಬೆಚ್ಚಗಿನ ನೀರು ಕುಡಿಸಿ, ಕಾಲ ಮೇಲೆ ಗಟ್ಟಿಯಾಗಿ ನಿಲ್ಲುವ ಹಾಗೆ ಮಾಡಿದಳು. ಬುತ್ತಿ ಮುಗಿದಿತ್ತು, ಆದರೆ ಹೊಟ್ಟೆ ತುಂಬಿತ್ತು. ಪಶುವೈದ್ಯರು ಬಂದು ನೋಡಿ, ಇಷ್ಟು ಚುರುಕಾದ ಮರಿ ನೋಡಿಲ್ಲ ಎಂದು ಮುದ್ರೆ ಒತ್ತಿ ಹೋದರು.

ಹೊರಡುವ ದಿನ ಬೆಳಕು ಹರಿಯುತ್ತಿದ್ದ ಹಾಗೇ ಗಂಡ ಹೆಂಡತಿ ತೂತು ಕೊರೆದ ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ವ್ಯಾನಿನಲ್ಲಿಟ್ಟುಕೊಂಡು ವಿಮಾನ ನಿಲ್ದಾಣದ ಸರಕಿನ ಶೆಡ್ಡಿಗೆ ಬಂದರು. ಶೆಡ್ಡಿನ ತುಂಬ ಹೂವಿನ ಕಟ್ಟು, ಯಂತ್ರದ ಬಿಡಿಭಾಗ, ಬಟ್ಟೆಯ ಮೂಟೆ. ಕೌಂಟರಿನ ಹಿಂದೆ ಪೆನ್ನಿನ ಮುಚ್ಚಳ ಕಚ್ಚುತ್ತಾ ಒಬ್ಬ ಗುಮಾಸ್ತ ಕೂತಿದ್ದ, ಅವನ ತಲೆಯ ಮೇಲೆ ಗೋಡೆಗೆ ಸಾಲಾಗಿ ಗಡಿಯಾರಗಳು. ಲೋಡರ್ ಒಬ್ಬ ಪೆಟ್ಟಿಗೆಗಳನ್ನು ತೂಕದ ಹಲಗೆಯ ಮೇಲಿಟ್ಟು ತೂಗಿ ಇಳಿಸಿದ. ಗುಮಾಸ್ತ ಎಲ್ಲ ಜೀವಂತ ಸರಕಿಗೂ ಕೇಳುವ ಪ್ರಶ್ನೆಯನ್ನು ತಲೆ ಎತ್ತದೆ ಕೇಳಿದ: ಕೊನೆಯ ಸಲ ನೀರು ಕುಡಿಸಿದ್ದು ಯಾವಾಗ, ಹತ್ತು ಗಂಟೆ ತಡೆಯುತ್ತವೆ ತಾನೇ?

“ಹತ್ತು ಗಂಟೆ ಯಾಕೆ ತಡೀಬೇಕು?” ಎಂದಳು ಕಾವಮ್ಮ. “ಒಂಬತ್ತಕ್ಕೆ ಹೊರಟು ಒಂದಕ್ಕೆ ಇಳಿಯೋ ವಿಮಾನ. ನಿಮಗೆ ಲೆಕ್ಕ ಬರಲ್ವಾ?”

ಗುಮಾಸ್ತ ಈಗ ತಲೆ ಎತ್ತಿದ. ಒಳ್ಳೆಯ ಮನುಷ್ಯ, ನಗಲಿಲ್ಲ. ಎದ್ದು ನಿಂತು ಗೋಡೆಯ ಎರಡು ಗಡಿಯಾರಗಳನ್ನು ಪೆನ್ನಿನಿಂದ ತೋರಿಸಿದ. ಒಂದರಲ್ಲಿ ಬೆಳಿಗ್ಗೆ ಏಳು. ಇನ್ನೊಂದರಲ್ಲಿ ಆ ಊರಿನ ಹೊತ್ತು, ಒಂದು.

“ಇದು ರಾತ್ರಿ ಒಂದು ಅಮ್ಮ. ಅಲ್ಲಿ ಈಗ ಎಲ್ಲರೂ ಮಲಗಿದ್ದಾರೆ. ನೀವು ಹೇಳೋ ಮಧ್ಯಾಹ್ನ ಒಂದು ಅಲ್ಲಿಯ ಒಂದು. ಅಷ್ಟೊತ್ತಿಗೆ ಇಲ್ಲಿ ಸಂಜೆ ಏಳಾಗಿರುತ್ತೆ. ದಾರಿ ಏಳೂವರೆ ಸಾವಿರ ಕಿಲೋಮೀಟರು. ನಾಲ್ಕು ಗಂಟೇಲಿ ಯಾವ ವಿಮಾನವೂ ಹೋಗಲ್ಲ.”

ಕಾವಮ್ಮ ಹತ್ತಿರವಿದ್ದ ತೂಕದ ಹಲಗೆಯ ಮೇಲೆ ಕೂತುಬಿಟ್ಟಳು. ಯಂತ್ರ ಅವಳ ತೂಕವನ್ನು ದೊಡ್ಡ ಕೆಂಪು ಅಂಕಿಯಲ್ಲಿ ಶೆಡ್ಡಿಗೆಲ್ಲ ತೋರಿಸಿತು, ಬೇರೆ ದಿನವಾಗಿದ್ದರೆ ಆ ಯಂತ್ರದ ಗತಿ ಏನಾಗುತ್ತಿತ್ತೋ. ಹತ್ತು ಗಂಟೆ ಹಾರಾಟ, ಮುಂಚೆ ಎರಡು, ಆಮೇಲೆ ಇಳಿಸಿ ಬಿಡಿಸಿಕೊಂಡು ಶೆಡ್ಡಿಗೆ ಒಯ್ಯಲು ಇನ್ನಷ್ಟು. ಹೊಟ್ಟೆಯೊಳಗಿನ ಬುತ್ತಿ ಮುಗಿದ ಮರಿಗಳು. ನೀರಿಗೆ ಬಾಯಿ ಬಿಟ್ಟು ಬಿಟ್ಟು ಒಂದೊಂದಾಗಿ ಬೀಳುತ್ತವೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಗಳು ಬೇಡ ಬೇಡ ಎಂದರೂ ಕೇಳದೆ, ಪ್ರೀತಿಯಿಂದ ತಿನ್ನಿಸಿ ತಿನ್ನಿಸಿ, ತಾನೇ ಅವುಗಳ ಕತ್ತು ಹಿಸುಕಿದ ಹಾಗಾಯಿತಲ್ಲ ಎನ್ನಿಸಿತು.

ಗುಮಾಸ್ತ ಮೆಲ್ಲಗೆ, ವಾಪಸ್ಸು ತೆಗೆದುಕೊಂಡು ಹೋಗಿ ಎಂದ. ಅವಳು ಆಗದೆಂದು ತಲೆಯಾಡಿಸಿದಳು. ವಾಪಸ್ಸು ಹೋದರೆ ಅನುಮತಿಯೂ ಹೋಯಿತು, ಶೆಡ್ಡೂ ಹೋಯಿತು. ಪೆಟ್ಟಿಗೆಯಲ್ಲಿ ನೀರಿಡುವಂತಿಲ್ಲ, ಚೆಲ್ಲಿ ಮೈ ನೆನೆದರೆ ಚಳಿಗೇ ಸಾಯುತ್ತವೆ. ಅವಳ ಗಂಡ ತಲೆ ತಗ್ಗಿಸಿ ನಿಂತಿದ್ದ. ಪಕ್ಕದ ಕ್ಯಾಂಟೀನಿನ ಕಿಟಕಿಯಿಂದ ಟಕಟಕ ಚಾಕುವಿನ ಸದ್ದು ಬರುತ್ತಿತ್ತು. ಕಾವಮ್ಮ ಆ ಕಡೆ ತಿರುಗಿದಳು. ಅಡುಗೆಯವನು ಸೌತೆಕಾಯಿ ಹೆಚ್ಚುತ್ತಿದ್ದ, ಬಿಲ್ಲೆ ಬಿಲ್ಲೆಯಿಂದಲೂ ನೀರು ಒಸರುತ್ತಿತ್ತು.

ಅವಳು ಎದ್ದಳು. ಕಿಟಕಿಗೆ ಹೋಗಿ, ಅಣ್ಣಾ, ಅದರಲ್ಲಿ ನಂಗೊಂದಿಷ್ಟು ಬೇಕು ಎಂದಳು. ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ. ಏನು ಎತ್ತ ಎಂದು ಅಡುಗೆಯವನು ವಿಚಾರಿಸುವಷ್ಟರಲ್ಲಿ ಲೋಡರ್ ಹಿಂದಿನಿಂದ ಕೂಗಿ ವಿಷಯ ಹೇಳಿದ. ಅಡುಗೆಯವನು ಭಾರೀ ಆಳು, ಬಾಯಿ ಅದಕ್ಕಿಂತ ಭಾರಿ. ಇವತ್ತು ನಮ್ಮ ಸಾಹೇಬರುಗಳು ಸೌತೆಕಾಯಿ ಇಲ್ಲದೆ ಉಂಡರೆ ಯಾರೂ ಸಾಯಲ್ಲ ಎಂದು ಬುಟ್ಟಿಗೆ ಬುಟ್ಟಿಯನ್ನೇ ಎತ್ತಿ ತಂದು ಕೌಂಟರಿನ ಮೇಲಿಟ್ಟ. ಚಾಕು ಅವನದು, ಅಳತೆ ಕಾವಮ್ಮನದು. ತೆಳ್ಳಗೆ ಬೇಡ ಒಣಗುತ್ತೆ, ದಪ್ಪ ದಪ್ಪ ಬಿಲ್ಲೆ ಮಾಡು, ತಿರುಳು ಮೇಲೆ ಬರಲಿ ಎಂದಳು. ಲೋಡರ್ ಪೆಟ್ಟಿಗೆಯ ಮುಚ್ಚಳ ಒಂದೊಂದಾಗಿ ಎತ್ತಿ ಹಿಡಿದ, ಅವಳ ಗಂಡ ಬಿಲ್ಲೆಯ ಮೇಲಿನ ನೀರು ಒರೆಸಿ ಒರೆಸಿ ಕೊಟ್ಟ, ಅವಳು ಮೂಲೆ ಮೂಲೆಗೆ ಜೋಡಿಸಿದಳು. ಗುಮಾಸ್ತನೂ ಅಂಗಿಯ ತೋಳು ಮಡಚಿಕೊಂಡು ಬಂದು ನಿಂತ.

ಆಗ ಒಂದು ಮರಿ ಬಿಲ್ಲೆಯ ಹತ್ತಿರ ಬಂದು ಕತ್ತು ಓರೆ ಮಾಡಿ ನೋಡಿತು, ಟಕ್ಕನೆ ಕುಕ್ಕಿತು. ಇನ್ನೊಂದು ಬಂತು. ಎರಡು ದಿನ ನುಚ್ಚು ತಿಂದ ಮರಿಗಳಲ್ಲವೇ, ಕುಕ್ಕುವುದು ಹೇಗೆಂದು ಯಾರೂ ಹೇಳಬೇಕಿರಲಿಲ್ಲ. ಅಂದೇ ಒಡೆದ ಮರಿಗಳಾಗಿದ್ದರೆ ಇಷ್ಟು ಬೇಗ ಬಾಯಿ ಹಾಕುತ್ತಿದ್ದವೋ ಇಲ್ಲವೋ. ಕಾವಮ್ಮನಿಗೆ ಅಂದು ಮೊದಲ ಸಲ ಉಸಿರು ನೆಟ್ಟಗೆ ಬಂತು. ಗುಮಾಸ್ತ ಆ ಊರಿನ ತನ್ನ ಜೊತೆಗಾರನಿಗೆ ಸಂದೇಶ ಕಳಿಸಿದ, ವಿಮಾನ ಇಳಿದ ಕೂಡಲೇ ಮೊದಲು ಈ ನಾಲ್ಕು ಪೆಟ್ಟಿಗೆ ಹೊರಗೆ ತೆಗೆಸು, ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ಕಾಯುತ್ತಿರುತ್ತಾಳೆ ಎಂದು. ಲೋಡರ್, ಬೆಚ್ಚಗಿರೋ ಕಡೆ ಬಾಗಿಲ ಹತ್ತಿರಾನೇ ಇಡ್ತೀನಿ, ಕೊನೇಲಿ ಹೋಗಿ ಮೊದಲು ಬರೋ ಹಾಗೆ ಎಂದ. ಹೇಳಿದ ಹಾಗೇ ಪೆಟ್ಟಿಗೆಗಳನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದ. ಕಾವಮ್ಮ, ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ ಎಂದು ಕೈ ಮುಗಿದಳು.

ಮನೆಗೆ ಬಂದಮೇಲೆ ಎಂದಿನ ಕೆಲಸ ಎಂದಿನ ಹಾಗೆ ಕಾದಿತ್ತು. ಎರಡನೇ ಯಂತ್ರದಲ್ಲಿ ಬೇರೆ ಮೊಟ್ಟೆಗಳಿದ್ದವು, ಮಗ್ಗುಲು ಬದಲಿಸಿದಳು. ಮಧ್ಯಾಹ್ನ ಒಂದು ಹೊಡೆಯಿತು. ಎಂಟು ವರ್ಷದ ಅಭ್ಯಾಸ, ಇಳಿದಿರಬೇಕು ಎಂದು ಮನಸ್ಸು ತಾನಾಗಿ ಅಂದುಕೊಂಡಿತು. ಇಲ್ಲ, ಇಳಿದಿರಲಿಲ್ಲ. ಇನ್ನೂ ಅರ್ಧ ದಾರಿಯೂ ಆಗಿರಲಿಲ್ಲ. ಎರಡಾಯಿತು, ಪಾತ್ರೆ ತೊಳೆದಳು, ಇನ್ನೂ ಹಾರುತ್ತಲೇ ಇದ್ದವು. ನಾಲ್ಕಾಯಿತು, ಕೋಳಿಗಳಿಗೆ ಕಾಳು ಹಾಕಿದಳು, ಇನ್ನೂ ಹಾರುತ್ತಲೇ ಇದ್ದವು. ಹೊತ್ತು ಹೋದಷ್ಟೂ ಆ ದಾರಿ ಅವಳ ಕಣ್ಣ ಮುಂದೆ ಉದ್ದವಾಗುತ್ತಾ ಹೋಯಿತು. ಕೂಗಿದರೆ ಕೇಳಿಸುವಷ್ಟು ದೂರ ಎಂದಿದ್ದಳಲ್ಲ! ಹತ್ತಿರ ಅಂದುಕೊಂಡು ಎಂಟು ವರ್ಷ ನಿಶ್ಚಿಂತೆಯಾಗಿದ್ದವಳಿಗೆ ಆ ಎಂಟು ವರ್ಷದ ದೂರವೆಲ್ಲ ಒಂದೇ ಮಧ್ಯಾಹ್ನದಲ್ಲಿ ಬಂದು ಎದೆಯ ಮೇಲೆ ಕೂತಿತು.

ಗಂಡ ಚಹಾ ಮಾಡಿ ತಂದು ಪಕ್ಕದಲ್ಲಿ ಕೂತ. ಅವಳು ಅವನ ಮುಖ ನೋಡಿ, ನಿಮಗೆ ಗೊತ್ತಿತ್ತಾ ಎಂದು ಕೇಳಿದಳು. ಅವನು ಲೋಟದೊಳಗೆ ನೋಡುತ್ತಾ, ಗೊತ್ತಿತ್ತು ಎಂದ.

“ಮತ್ತೆ ಒಂದು ಮಾತು ಹೇಳಬಾರದಿತ್ತಾ?”

“ಮದುವೆ ಆದಾಗಿನಿಂದ ನಿನ್ನ ಲೆಕ್ಕ ತಿದ್ದಿ ಯಾರು ಉದ್ಧಾರ ಆಗಿದ್ದಾರೆ? ಆದರೂ ಮರಿಗೆ ತಿನ್ನಿಸ್ತಿದ್ದೀಯ ಅಂತ ಗೊತ್ತಾಗಿದ್ರೆ ಹೇಳ್ತಿದ್ದೆ. ಅದೊಂದು ಗೊತ್ತಾಗಲಿಲ್ಲ ನೋಡು.”

ಬೈಯಬೇಕೆಂದು ಬಾಯಿ ತೆರೆದಳು. ಚಹಾ ಕುಡಿದಳು.

ದೀಪ ಹಾಕುವ ಹೊತ್ತು ಕಳೆದು ಸ್ವಲ್ಪ ಹೊತ್ತಿಗೆ ಫೋನು ಬಂತು. ಮೊದಲು ಕೇಳಿದ್ದು ಪಿಳ್ಳೆಯ ದನಿಯಲ್ಲ, ಅದರ ಹಿಂದಿನ ಚಿಂವ್ ಚಿಂವ್. ಎರಡು ಮರಿ ಹೋಗಿವೆ ದೊಡ್ಡಮ್ಮ, ಉಳಿದದ್ದೆಲ್ಲ ಜೀವಂತ ಇವೆ ಎಂದಿತು ಪಿಳ್ಳೆ. ವಿಮಾನ ನಿಂತ ಸ್ವಲ್ಪ ಹೊತ್ತಿಗೇ ಯಾರೋ ಓಡೋಡಿ ಬಂದು ಪೆಟ್ಟಿಗೆ ಕೈಗೆ ಕೊಟ್ಟರಂತೆ. ಒಳಗೆ ಸೌತೆಕಾಯಿಯ ಸಿಪ್ಪೆ ಬಿಟ್ಟರೆ ಏನೂ ಉಳಿದಿರಲಿಲ್ಲವಂತೆ. ಈಗ ಶೆಡ್ಡಿನಲ್ಲಿ ಬಲ್ಬಿನ ಕೆಳಗೆ ನೀರು ಕುಡಿಯುತ್ತಿವೆ, ಚುಕ್ಕೆ ಇನ್ನೂ ಮೂಡಿಲ್ಲ, ಆದರೆ ನಡಿಗೆ ನೋಡಿದರೆ ಅಮ್ಮನ ಕೋಳಿಗಳೇ ಎಂದು ಹೇಳಿ ಹುಡುಗಿ ಅಳುತ್ತಾ ನಗುತ್ತಿತ್ತು. ಕಾವಮ್ಮ ಆ ಎರಡು ಮರಿಗಳಿಗಾಗಿ ಒಂದು ಕ್ಷಣ ಕಣ್ಣು ಮುಚ್ಚಿದಳು, ಉಳಿದವುಗಳಿಗಾಗಿ ಅಡುಗೆಯವನನ್ನು, ಲೋಡರನ್ನು, ಗುಮಾಸ್ತನನ್ನು, ಮುಖ ಕಾಣದ ಆ ಜೊತೆಗಾರನನ್ನು ಒಬ್ಬೊಬ್ಬರನ್ನಾಗಿ ನೆನೆದಳು. ಆಮೇಲೆ ಕೇಳಿದಳು.

“ನಾಲ್ಕೇ ಗಂಟೆ ಅಂತ ನಂಗ್ಯಾಕೆ ಸುಳ್ಳು ಹೇಳ್ದೆ?”

ಪಿಳ್ಳೆ ಮರಿಗಳ ಸದ್ದಿನಿಂದ ಸ್ವಲ್ಪ ದೂರ ಸರಿದು ಮಾತಾಡಿತು.

“ನಾನು ಹೇಳಲಿಲ್ಲ ದೊಡ್ಡಮ್ಮ. ನೀನೇ ಹೇಳ್ದೆ. ಬೀದಿಗೆಲ್ಲ ಹೇಳ್ಕೊಂಡು ಬಂದೆ, ಅಷ್ಟು ಖುಷಿಯಾಗಿದ್ದೆ. ನಿಜ ಹೇಳಿದ್ರೆ ನೀನು ನನ್ನ ಕಳಿಸ್ತಿರಲಿಲ್ಲ. ನಾನೂ ನಿನ್ನ ಬಿಟ್ಟು ಬರ್ತಿರಲಿಲ್ಲ.”

ಆಮೇಲೆ ಪಿಳ್ಳೆ ಇನ್ನೊಂದು ಮಾತು ಹೇಳಿತು, ಅದುವರೆಗೆ ಗಂಡನಿಗೂ ಹೇಳದ ಮಾತು. ಗಂಡ ಮುಂಚೆಯೇ ಹೋಗಿದ್ದ, ಮೊದಲ ಸಲ ಊರು ಬಿಟ್ಟ ಆ ದಿನ ವಿಮಾನದಲ್ಲಿ ಪಿಳ್ಳೆ ಒಂಟಿಯಾಗಿತ್ತು. ಕೈಯಲ್ಲಿ ದೊಡ್ಡಪ್ಪ ಕೊಡಿಸಿದ ಗಡಿಯಾರ, ಊರಿನ ಹೊತ್ತನ್ನೇ ತೋರಿಸುತ್ತಿತ್ತು. ಒಂದು ಗಂಟೆಯವರೆಗೆ ಏನೂ ಅನ್ನಿಸಲಿಲ್ಲ, ದೊಡ್ಡಮ್ಮನ ಮನಸ್ಸು ಜೊತೆಗೇ ಬರುತ್ತಿದೆ ಎಂಬ ಧೈರ್ಯ.

“ಒಂದು ದಾಟ್ತು ನೋಡು, ನಿನ್ನ ಲೆಕ್ಕದಲ್ಲಿ ನಾನು ಇಳಿದಾಗಿತ್ತು. ನೀನು ನಿಟ್ಟುಸಿರು ಬಿಟ್ಟು ಮೊಟ್ಟೆ ತಿರುವೋಕೆ ಎದ್ದಿರ್ತೀಯ ಅನ್ನಿಸ್ತು. ಉಳಿದ ಆರು ಗಂಟೆ ಒಬ್ಬಳೇ ಆಗ್ಬಿಟ್ಟೆ ದೊಡ್ಡಮ್ಮ.”

ಎದ್ದಿರಲಿಲ್ಲ ಕಣೇ, ಫೋನಿನ ಮುಂದೇನೇ ಕೂತಿದ್ದೆ ಎಂದು ಹೇಳಬೇಕೆಂದಿತ್ತು. ಮರಿಗಳಿಗೆ ಚಳಿಯಾದೀತು, ಬಲ್ಬು ಇನ್ನಷ್ಟು ಕೆಳಗೆ ಇಳಿಸು ಎಂದಷ್ಟೇ ಹೇಳಿ ಫೋನಿಟ್ಟಳು.

ಮರುದಿನ ಬೆಳಿಗ್ಗೆ ಎರಡು ಬುಟ್ಟಿ ಹಿಡಿದು ಸರಕಿನ ಶೆಡ್ಡಿಗೆ ಹೋದಳು, ಒಂದರಲ್ಲಿ ಸೌತೆಕಾಯಿ, ಇನ್ನೊಂದರಲ್ಲಿ ಚುಕ್ಕೆ ಕೋಳಿಯ ಮೊಟ್ಟೆ. ಅಡುಗೆಯವನು, ಸೌತೆಕಾಯಿಗೆ ಮೊಟ್ಟೆ ಬರೋದಾದ್ರೆ ನಾಳೆ ಕುಂಬಳಕಾಯಿ ಕೊಡ್ತೀನಿ, ಕೋಳಿನೇ ತನ್ನಿ ಎಂದ. ಮರಿಗಳು ಬದುಕಿದವೆಂದು ಕೇಳಿ ಲೋಡರ್ ಎರಡೂ ಕೈಯಿಂದ ಮುಖ ಒರೆಸಿಕೊಂಡು ಆ ಕಡೆ ತಿರುಗಿದ. ಕಾವಮ್ಮ ಗುಮಾಸ್ತನ ಮುಂದೆ ನಿಂತು, ಬರುವುದು ಹದಿನೈದು ಗಂಟೆ ತಾನೇ ಎಂದು ಕೇಳಿದಳು. ಅದಾದರೂ ನಿಜವಾಗಿರಲಿ ಎಂಬ ಆಸೆಯಿತ್ತೇನೋ.

ಗುಮಾಸ್ತ ಮತ್ತೆ ಗಡಿಯಾರ ತೋರಿಸಲು ಎದ್ದ. ಬರುವುದು ಒಂಬತ್ತೇ ಗಂಟೆಯಂತೆ. ಮೇಲೆ ಗಾಳಿ ಈ ಕಡೆಗೇ ಬೀಸುತ್ತದಂತೆ, ಹೋಗುವಾಗ ಎದುರು ನಿಲ್ಲುತ್ತದಂತೆ, ಬರುವಾಗ ಹಿಂದಿನಿಂದ ತಳ್ಳುತ್ತದಂತೆ. ಮನೆಗೆ ಬರೋ ದಾರಿನೇ ಹತ್ತಿರ ಅಮ್ಮ ಎಂದ. ಕಾವಮ್ಮನ ಇಳಿಜಾರೂ ಹೋಯಿತು, ಏರೂ ಹೋಯಿತು, ಇಷ್ಟು ವರ್ಷ ಹಿಡಿದುಕೊಂಡಿದ್ದ ನೆಪವೂ ಅದರ ಹಿಂದೆಯೇ ಹೋಯಿತು. ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ತನ್ನ ಮೇಲೇ ಬರಬೇಕಿತ್ತು. ಜನ ಹೋಗುವ ಟಿಕೆಟ್ಟು ಎಲ್ಲಿ ಕೊಡುತ್ತಾರೆ ಎಂದು ಕೇಳಿದಳು.

ಆ ವಾರ ಯಂತ್ರಕ್ಕೆ ಹೊಸ ಮೊಟ್ಟೆ ಇಡಲಿಲ್ಲ. ಒಳಗಿದ್ದವು ಮರಿಯಾಗಿ ಮಾರಿಹೋಗುವವರೆಗೆ ಕಾದಳು, ಟ್ರೇಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಳು, ಎರಡೂ ಯಂತ್ರದ ಸ್ವಿಚ್ಚು ಆರಿಸಿದಳು. ನಾನು ಮಗ್ಗುಲು ಬದಲಿಸ್ತೀನಿ ಎಂದ ಗಂಡನಿಗೆ, ನಿಮ್ಮ ಕೈಗೆ ಮೊಟ್ಟೆ ಕೊಟ್ಟರೆ ಮರಿ ಆಗಲ್ಲ, ಆಮ್ಲೆಟ್ ಆಗುತ್ತೆ, ಹಿತ್ತಲ ಕೋಳಿಗಳಿಗೆ ಕಾಳು ಹಾಕಿ ಸಾಕು ಎಂದಳು. ಮದುವೆಯಾದಾಗಿನಿಂದ ಮನೆಯ ಗೋಡೆಗೆ ಅಂಟಿಕೊಂಡಿದ್ದ ಆ ಗುಂಯ್ ಸದ್ದು ನಿಂತಿತು.

ವ್ಯಾನಿನಲ್ಲಿ ನಿಲ್ದಾಣದ ಬಾಗಿಲವರೆಗೆ ಬಿಡಲು ಬಂದ ಗಂಡ, ಹುಷಾರು, ನಾಲ್ಕೇ ಗಂಟೆ ಎಂದ. ಅವಳು ಅವನ ತೋಳಿಗೆ ಒಂದು ಗುದ್ದಿ ಒಳಗೆ ಹೋದಳು. ವಿಮಾನದಲ್ಲಿ ಕೊಟ್ಟದ್ದು ತಿಂದಳು, ಪಕ್ಕದ ಸೀಟಿನ ಹೆಂಗಸಿಗೆ ಮರಿಗಳ ಕಥೆಯನ್ನೆಲ್ಲ ಹೇಳಿದಳು. ಕೈಯಲ್ಲಿ ಗಂಡನ ಗಡಿಯಾರ ಕಟ್ಟಿಕೊಂಡಿದ್ದಳು, ಮುಳ್ಳು ತಿರುಗಿಸಿರಲಿಲ್ಲ. ಅದರಲ್ಲಿ ಒಂದು ಗಂಟೆಯಾದಾಗ ಮಾತು ನಿಲ್ಲಿಸಿದಳು. ಹೊರಗೆ ಮೋಡವೂ ಇರಲಿಲ್ಲ, ನೆಲವೂ ಕಾಣುತ್ತಿರಲಿಲ್ಲ. ಇಲ್ಲಿಂದ ಮುಂದೆ ಆ ಹುಡುಗಿ ಒಬ್ಬಳೇ ಕೂತಿದ್ದ ದಾರಿ.

ಕಾವಮ್ಮ ನೆಟ್ಟಗೆ ಕೂತಳು. ಬಂದೆ ಕಣೇ ಪಿಳ್ಳೆ, ಎಂಟು ವರ್ಷ ತಡವಾಯ್ತು, ಆದರೂ ಬಂದೆ ಎಂದುಕೊಂಡಳು. ಪಕ್ಕದವಳು ಮಲಗಿದಳು, ದೀಪ ಮಂಕಾಯಿತು, ಎಲ್ಲರೂ ಕಿಟಕಿಯ ಪರದೆ ಎಳೆದರು. ಅವಳು ಎಳೆಯಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಆ ಆರು ಗಂಟೆ ಮೊಟ್ಟೆ ಕಾಯುವ ಹಾಗೆ ಕಾದು ಕೂತಳು. ಹುಡುಗಿಯನ್ನು ದಾಟಿಸಿದ ದಾರಿಗೆ, ಮರಿಗಳನ್ನು ದಾಟಿಸಿದ ಕೈಗಳಿಗೆ, ಗೊತ್ತಿದ್ದೂ ಸುಮ್ಮನಿದ್ದ ಗಂಡನಿಗೆ, ತನ್ನನ್ನು ಎಂಟು ವರ್ಷ ನೆಮ್ಮದಿಯಾಗಿ ಮಲಗಿಸಿದ ತನ್ನ ದಡ್ಡತನಕ್ಕೂ ಮನಸ್ಸಿನಲ್ಲೇ ಕೈ ಮುಗಿದಳು.

ನಿಲ್ದಾಣದಿಂದ ಹೊರಗೆ ಬರುವ ಬಾಗಿಲಲ್ಲಿ ಕಾವಲಿನವನೊಬ್ಬ ಪಾಸ್‌ಪೋರ್ಟಿನ ಮುದ್ರೆ ನೋಡಿ, ನಕ್ಕು, ದಾರಿ ಬಿಟ್ಟ. ಎಂಟು ವರ್ಷ ತನ್ನ ಶಾಪ ತಿಂದವನು ಇವನೇ ಇರಬೇಕೆಂದು ಅವಳು ಅವನಿಗೂ ಕೈ ಮುಗಿದಳು. ಕಟಕಟೆಯಾಚೆ ಪಿಳ್ಳೆ ನಿಂತಿತ್ತು, ಬಟ್ಟೆಯ ಮೇಲೆಲ್ಲ ಕೋಳಿಯ ತುಪ್ಪಳ. ಓಡಿ ಬಂದು ದೊಡ್ಡಮ್ಮನ ಕುತ್ತಿಗೆಗೆ ಜೋತುಬಿತ್ತು. ಎಷ್ಟೋ ಹೊತ್ತಾದಮೇಲೆ ಮುಖ ಎತ್ತಿ, ಕಣ್ಣೀರಿನ ನಡುವೆಯೂ ತುಂಟತನ ಬಿಡದೆ, ಹೊರಗೆ ಬರೋದು ತಡವಾಯ್ತಾ ದೊಡ್ಡಮ್ಮ ಎಂದು ಕೇಳಿತು.

“ಇಲ್ಲ ಕಣೇ,” ಎಂದಳು ಕಾವಮ್ಮ. “ಬಾಗಿಲಲ್ಲಿ ಯಾರೂ ನಿಲ್ಲಿಸಲಿಲ್ಲ. ದಾರಿನೇ ಅಷ್ಟು ದೂರ ಇತ್ತು.”